ಕೆಡುಕಿನ ಕರ್ತೃ ಯಾರು?

ಪಾಠ ಮುಗಿದ ಬಳಿಕ ತಾಯಿಯೊಬ್ಬರು ಒಮ್ಮೆ ನಮ್ಮನ್ನು ಕೇಳಿದರು: “ರಾಯರೇ, ನನ್ನ ಮಗ ದಾರಿ ತಪ್ಪಿದ. ಇದು ಶ್ರೀಹರಿಗೆ ಮೊದಲೇ ತಿಳಿದಿತ್ತಲ್ಲವೇ? ಹಾಗಾದರೆ ತಪ್ಪು ಯಾರದು?” ಆಗ ನಮ್ಮ ನೆನಪಿಗೆ ಬಂದವನು, ವಿಚಿತ್ರವೆನಿಸಬಹುದು, ಒಂಬತ್ತನೆಯ ಶತಮಾನದ ಐರ್ಲೆಂಡಿನ ಪಂಡಿತ ಜಾನ್ ಸ್ಕಾಟಸ್ ಎರಿಯುಜೆನಾ.

ಫ್ರಾಂಕರ ದೊರೆ ಚಾರ್ಲ್ಸನ ಆಸ್ಥಾನದಲ್ಲಿದ್ದ ಈತ, ಪಶ್ಚಿಮ ಯೂರೋಪಿನಲ್ಲಿ ಗ್ರೀಕ್ ಬಲ್ಲವರೇ ವಿರಳವಾಗಿದ್ದ ಕಾಲದಲ್ಲಿ ಆ ಭಾಷೆಯನ್ನು ಬಲ್ಲವನು. ಅದೇ ಕಾಲದ ಗಾಟ್‌ಶಾಲ್ಕ್ ಎಂಬ ಸಂನ್ಯಾಸಿಯು, ದೇವರು ಸಜ್ಜನರಿಗೆ ಸದ್ಗತಿಯನ್ನೂ ದುರ್ಜನರಿಗೆ ದುರ್ಗತಿಯನ್ನೂ ಮೊದಲೇ ವಿಧಿಸಿರುವನೆಂದು ಸಾರಿದನು. 849ರಲ್ಲಿ ಕ್ಯೆರ್ಜಿಯ ಸಭೆಯು ಅವನಿಗೆ ಛಡಿಯೇಟು ಕೊಡಿಸಿತು. ಅವನ ಬರಹಗಳನ್ನು ಅವನ ಕೈಯಿಂದಲೇ ಬೆಂಕಿಗೆ ಹಾಕಿಸಿತು. ಇದಾವ ಬಗೆಯ ಖಂಡನೆ!

ಶಾಸ್ತ್ರೀಯವಾದ ಖಂಡನೆಯನ್ನು ಬರೆಯಲು ರೈಮ್ಸಿನ ಆರ್ಚ್‌ಬಿಷಪ್ ಹಿಂಕ್ಮಾರನು ಎರಿಯುಜೆನಾನನ್ನು ಕೇಳಿದನು. ಆತನ ವಾದವಿದು: ಕೆಡುಕು ಎಂಬುದು ವಸ್ತುವೇ ಅಲ್ಲ, ಬೆಳಕಿಲ್ಲದಿರುವುದೇ ಕತ್ತಲೆಯಾದಂತೆ, ಒಳಿತಿಲ್ಲದಿರುವುದೇ ಕೆಡುಕು. ಇಲ್ಲದ್ದನ್ನು ದೇವರು ಅರಿಯುವುದೂ ಇಲ್ಲ, ವಿಧಿಸುವುದೂ ಇಲ್ಲ. ದುಷ್ಟನ ದಂಡನೆಯು ಅವನ ಇಚ್ಛೆಯೊಳಗೇ ಹುಟ್ಟುತ್ತದೆ. ಕೇಳಿಸಿಕೊಂಡವನೇ ಬೆಚ್ಚಿಬಿದ್ದನು! ಹಿಂಕ್ಮಾರನು ದೂರ ಸರಿದನು. 855ರಲ್ಲಿ ವ್ಯಾಲೆನ್ಸಿನ ಸಭೆಯು ಈ ವಾದವನ್ನು ಐರಿಷರ ಗಂಜಿಯೆಂದು ಹಳಿದು ತಿರಸ್ಕರಿಸಿತು.

ನಾವು ಆ ಗಂಜಿಯನ್ನು ಅಷ್ಟು ಸುಲಭವಾಗಿ ಚೆಲ್ಲಲಾರೆವು. ದೇವರ ಮೇಲೆ ಕ್ರೌರ್ಯದ ಕಳಂಕ ತಗಲಬಾರದೆಂಬ ಆತನ ಕಳಕಳಿಯು, ವೈಷಮ್ಯ-ನೈರ್ಘೃಣ್ಯಗಳ ಚರ್ಚೆಯನ್ನು ಕೇಳಿದ ನಮಗೆ ಅಪರಿಚಿತವಲ್ಲ. ಆದರೆ ದುಃಖವನ್ನು ಇಲ್ಲವೆನ್ನುವ ದಾರಿ ನಮ್ಮದಲ್ಲ. ಜಗತ್ತು ಸತ್ಯವೆಂದವರಿಗೆ ಅಳುವೂ ಸತ್ಯವೇ. ಮೇಲ್ನೋಟಕ್ಕೆ ಗಾಟ್‌ಶಾಲ್ಕನೇ ನಮಗೆ ಹತ್ತಿರವೆಂದು ಕೆಲವರು ಭಾವಿಸಬಹುದು. ಅದೂ ಸರಿಯಲ್ಲ. ಅವನಲ್ಲಿ ಗತಿಭೇದಕ್ಕೆ ಮೂಲ ದೈವಾಜ್ಞೆ. ನಮ್ಮಲ್ಲಿ ಜೀವನ ಅನಾದಿಯಾದ ಯೋಗ್ಯತೆ. ಆ ಯೋಗ್ಯತೆಯನ್ನು ಭಗವಂತನು ಹೊಸದಾಗಿ ಸೃಷ್ಟಿಸಿದವನಲ್ಲ.

ಇಷ್ಟನ್ನೂ ಆ ತಾಯಿಗೆ ಹೇಳಬಹುದಿತ್ತು. ಹೇಳಲಿಲ್ಲ. ಯಾವ ಜೀವನ ಯೋಗ್ಯತೆ ಎಂಥದೆಂದು ನಿರ್ಣಯಿಸಲು ನಾವು ಯಾರು? ಮಗ ಈಗ ಎಲ್ಲಿದ್ದಾನೆಂದು ಕೇಳಿದೆವು. ಕಾಗದ ಬರೆಯದೆ ಎರಡು ವರ್ಷವಾಯಿತೆಂದರು. ವಿಳಾಸ ಇದೆಯೇ ಎಂದೆವು. ಇತ್ತು. ಅವರ ಕೈಯಿಂದಲೇ ಅಂದು ಒಂದು ಕಾಗದ ಬರೆಸಿದೆವು.

ಗಾಟ್‌ಶಾಲ್ಕನಿಗೆ ಬಿಡುಗಡೆಯಾಗಲಿಲ್ಲ. ಸುಮಾರು ಇಪ್ಪತ್ತು ವರ್ಷ ಮಠದ ಸೆರೆಯಲ್ಲಿದ್ದು, ಮತವನ್ನು ಬಿಡದೆಯೇ ತೀರಿಕೊಂಡನು.