ಪಾರಣೆಗೆ ಮುನ್ನ

ಶ್ರಾವಕನು ಪಾಲಿಸಬೇಕಾದ ಹನ್ನೆರಡು ವ್ರತಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿಗಳು ಅತಿಥಿಸಂವಿಭಾಗವನ್ನು ಕಟ್ಟಕಡೆಗೆ ಇರಿಸಿದ್ದಾರೆ. ಅದಕ್ಕೆ ಸ್ವಲ್ಪ ಮುಂಚೆ ಪ್ರೋಷಧೋಪವಾಸವು ಬರುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಂತೂ ಈ ಎರಡರ ನಡುವೆ ಅಷ್ಟು ಅಂತರವೂ ಇಲ್ಲ. ಉಪವಾಸದ ವ್ರತವು ಮುಗಿದೊಡನೆ ವೈಯಾವೃತ್ಯವು, ಎಂದರೆ ಗುಣವಂತರ ಕಷ್ಟವನ್ನು ನೀಗಿಸುವ ಸೇವೆಯು, ಆರಂಭವಾಗುತ್ತದೆ. ತಾನು ಉಣ್ಣದೆ ಇರುವುದನ್ನು ಕಲಿತವನು ಮುಂದೆ ಕಲಿಯಬೇಕಾದ ಪಾಠ ಯಾವುದೆಂಬುದನ್ನು ಆಚಾರ್ಯರು ವ್ರತಗಳ ಅನುಕ್ರಮದಿಂದಲೇ ಸೂಚಿಸಿದಂತಿದೆ.

ಅಷ್ಟಮಿಗಳು ಎಷ್ಟಾದುವು, ಚತುರ್ದಶಿಗಳು ಎಷ್ಟಾದುವು, ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ನಿರಾಹಾರರಾಗಿದ್ದವರು ಯಾರು, ಅನಂತನ ನೋಂಪಿಯ ಉದ್ಯಾಪನೆ ಯಾವ ವರ್ಷ ಬರುತ್ತದೆ ಎಂಬ ಲೆಕ್ಕಗಳು ನಮ್ಮ ಮನೆಗಳಲ್ಲಿ ಚೊಕ್ಕಟವಾಗಿರುತ್ತವೆ. ಆ ದಿನಗಳಲ್ಲಿ ಪಕ್ಕದ ಮನೆಯ ಒಲೆ ಉರಿಯಿತೇ ಇಲ್ಲವೇ ಎಂಬ ಲೆಕ್ಕ ಮಾತ್ರ ಯಾರ ಬಳಿಯಲ್ಲಿಯೂ ಸಿಗುವುದಿಲ್ಲ. ಉಪವಾಸಕ್ಕೂ ನೆರೆಮನೆಯ ಒಲೆಗೂ ಏನು ಸಂಬಂಧವೆಂದು ಕೇಳುವವರು ಆದಿತೀರ್ಥಂಕರರ ಪಾರಣೆಯ ವೃತ್ತಾಂತವನ್ನು ಒಮ್ಮೆ ನೆನೆಯಬೇಕು.

ಭಗವಾನ್ ವೃಷಭದೇವರು ದೀಕ್ಷೆಯನ್ನು ಕೈಗೊಂಡು ಆರು ತಿಂಗಳ ಕಾಲ ಯೋಗದಲ್ಲಿ ನಿಂತರು. ಯೋಗ ಮುಗಿದ ಮೇಲೆ ಆಹಾರಕ್ಕಾಗಿ ಊರೂರು ಸಂಚರಿಸಿದರು. ಅಂದಿನ ಜನರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ತಮ್ಮನ್ನು ಆಳಿದ ಪ್ರಭುವೇ ಬಾಗಿಲಿಗೆ ಬಂದನೆಂದು ಆನಂದಿಸಿ ಒಬ್ಬರು ಆನೆಯನ್ನು ತಂದರು, ಒಬ್ಬರು ಕುದುರೆಯನ್ನು ತಂದರು. ರತ್ನಾಭರಣಗಳನ್ನು, ವಸ್ತ್ರಗಳನ್ನು, ಕಡೆಗೆ ತಮ್ಮ ಹೆಣ್ಣುಮಕ್ಕಳನ್ನೂ ಅರ್ಪಿಸಲು ಮುಂದಾದರು. ಒಂದು ಹಿಡಿ ಅನ್ನವನ್ನು ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಮುನಿಯು ಬಾಯಿಬಿಟ್ಟು ಬೇಡುವಂತಿಲ್ಲ, ಸನ್ನೆಯನ್ನೂ ಮಾಡುವಂತಿಲ್ಲ. ಹೀಗೆ ಮತ್ತೂ ಆರು ತಿಂಗಳಿಗೂ ಮಿಕ್ಕಿದ ಕಾಲ ಭಗವಂತರು ನಿರಾಹಾರರಾಗಿಯೇ ಉಳಿದರು. ಮೊದಲಿನ ಆರು ತಿಂಗಳದು ಅವರೇ ಕೈಗೊಂಡ ಉಪವಾಸ. ಅನಂತರದ್ದು ಜನರ ಅಜ್ಞಾನದಿಂದ ಒದಗಿದುದು.

ಆಮೇಲೆ ಹಸ್ತಿನಾಪುರ. ಅಲ್ಲಿನ ಅರಸನಾದ ಸೋಮಪ್ರಭನ ತಮ್ಮ ಶ್ರೇಯಾಂಸಕುಮಾರನು ಭಗವಂತರನ್ನು ಕಂಡೊಡನೆ ಅವನಿಗೆ ಪೂರ್ವಜನ್ಮದ ಸ್ಮರಣೆಯಾಯಿತು. ಹಿಂದೊಂದು ಭವದಲ್ಲಿ ತಾನು ಶ್ರೀಮತಿಯಾಗಿ, ವಜ್ರಜಂಘನಾಗಿದ್ದ ಇದೇ ಭಗವಂತರ ಜೊತೆಯಲ್ಲಿ ಚಾರಣಮುನಿಗಳಿಗೆ ಆಹಾರವನ್ನಿತ್ತ ಬಗೆ ನೆನಪಿಗೆ ಬಂತು. ಇಕ್ಷುರಸವನ್ನು, ನಾವು ಕಬ್ಬಿನ ಹಾಲು ಎನ್ನುವುದನ್ನು, ವಿಧಿಪೂರ್ವಕವಾಗಿ ಭಗವಂತರ ಕರಪಾತ್ರದಲ್ಲಿ ಎರೆದನು. ಆ ದಿನ ವೈಶಾಖ ಶುಕ್ಲ ತೃತೀಯೆ, ಅಕ್ಷಯತೃತೀಯೆಯೆಂದು ಇಂದಿಗೂ ಆಚರಿಸುತ್ತೇವೆ. ಈಚಿನ ವರ್ಷಗಳಲ್ಲಿ ಆ ದಿನ ಚಿನ್ನವನ್ನು ಕೊಳ್ಳಬೇಕೆಂಬ ನಂಬಿಕೆಯೊಂದು ಪೇಟೆಯಿಂದ ಮನೆಗಳಿಗೆ ನುಗ್ಗಿ ಬಂದಿದೆ. ಜೈನರಾದರೂ ಇಷ್ಟನ್ನು ನೆನಪಿಡುವುದು ಲೇಸು: ಭಗವಂತರ ಮುಂದೆ ಚಿನ್ನ ಹಿಡಿದು ನಿಂತವರೆಲ್ಲ ಬರಿಗೈಯಲ್ಲಿ ನಿಂತವರಿಗೆ ಸಮನಾದರು.

ಶ್ರೇಯಾಂಸನಲ್ಲಿ ಇದ್ದು ಉಳಿದವರಲ್ಲಿ ಇಲ್ಲದಿದ್ದುದು ಸಂಪತ್ತಲ್ಲ, ಅರಿವು. ಬಾಗಿಲಲ್ಲಿ ನಿಂತಿರುವವನಿಗೆ ಏನು ಬೇಕು, ಅವನು ಏನನ್ನು ಸ್ವೀಕರಿಸಬಲ್ಲ ಎಂಬ ಅರಿವು. ನೆರೆಹೊರೆಯ ಸಣ್ಣಪುಟ್ಟ ಉಪಕಾರಗಳೆಲ್ಲ ನಿಂತಿರುವುದು ಇದೇ ಅರಿವಿನ ಮೇಲೆ. ಸಾವಾದ ಮನೆಗೆ ಅಕ್ಕಿಯ ಮೂಟೆಯನ್ನು ಹೊರಿಸಿದರೆ ಆ ದಿನ ಅದರಿಂದ ಪ್ರಯೋಜನವೇನು? ಅಲ್ಲಿ ಒಲೆ ಹಚ್ಚುವ ಕೈಗಳಿಲ್ಲ. ಬೇಯಿಸಿದ ಅನ್ನ, ಸಾರು, ಮಕ್ಕಳನ್ನು ಕರೆದೊಯ್ದು ಉಣ್ಣಿಸುವ ಒಬ್ಬ ಹೆಂಗಸು, ಇಷ್ಟು ಬೇಕು. ಕಣ್ಣು ಮಂಜಾದ ಮುದುಕರಿಗೆ ಹಣ ಬೇಕಿರುವುದಿಲ್ಲ; ಔಷಧದ ಚೀಟಿಯನ್ನು ಓದಿ, ಬೆಳಗಿನ ಗುಳಿಗೆ ಯಾವುದು ರಾತ್ರಿಯದು ಯಾವುದು ಎಂದು ಬೇರ್ಪಡಿಸಿ ಇಡುವವರು ಬೇಕಾಗಿರುತ್ತದೆ. ಬ್ಯಾಂಕಿನಿಂದ ಮೊಬೈಲಿಗೆ ಬಂದ ಸಂದೇಶವು ನಿಜವೋ ಮೋಸವೋ ಎಂದು ತಿಳಿಯದೆ ಕಂಗಾಲಾದ ವಿಧವೆಗೆ ನೆರೆಯ ಹುಡುಗನೊಬ್ಬನ ಐದು ನಿಮಿಷ ಸಾಕು. ಹೊಸದಾಗಿ ಊರಿಗೆ ಬಂದು ಬಾಡಿಗೆ ಮನೆ ಹಿಡಿದವನಿಗೆ ಕುಡಿಯುವ ನೀರು ಎಲ್ಲಿ, ಒಳ್ಳೆಯ ವೈದ್ಯರು ಎಲ್ಲಿ ಎಂದು ಹೇಳುವುದೂ ಉಪಕಾರವೇ. ಶಾಸ್ತ್ರಕಾರರು ಆಹಾರದೊಡನೆ ಔಷಧ, ಉಪಕರಣ, ಆವಾಸಗಳನ್ನೂ ದಾನವೆಂದು ಎಣಿಸಿದ್ದು ಅಗತ್ಯಗಳು ಹೀಗೆ ಬೇರೆಬೇರೆಯಾಗಿರುವುದನ್ನು ಬಲ್ಲವರಾದುದರಿಂದಲೇ.

ಮಹಾವೀರಸ್ವಾಮಿಗಳಿಗೆ ಕೌಶಾಂಬಿಯಲ್ಲಿ ಆಹಾರವನ್ನಿತ್ತ ಚಂದನೆಯ ಕತೆ ಎಲ್ಲರಿಗೂ ತಿಳಿದುದೇ. ಚೇಟಕರಾಜನ ಮಗಳಾದ ಆಕೆ ಅಂದು ಪರರ ಮನೆಯಲ್ಲಿ ಸೆರೆಯಾಳಿನಂತೆ ಸಂಕೋಲೆಯಲ್ಲಿದ್ದಳು. ಆಕೆಯ ಮುಂದಿದ್ದುದು ಮಣ್ಣಿನ ಪಾತ್ರೆಯಲ್ಲಿನ ಹಾರಕದ ಅನ್ನ, ಅದೂ ತನ್ನ ಪಾಲಿಗೆ ಬಂದ ಒಂದೇ ಹೊತ್ತಿನ ತುತ್ತು.

ಅತಿಥಿಸಂವಿಭಾಗ ವ್ರತಕ್ಕೆ ಉಮಾಸ್ವಾಮಿಗಳು ಐದು ಅತಿಚಾರಗಳನ್ನು ಹೇಳಿದ್ದಾರೆ. ಮೇಲುನೋಟಕ್ಕೆ ಇವು ಮುನಿಗಳ ಆಹಾರವಿಧಿಗೆ ಮಾತ್ರ ಸಂಬಂಧಿಸಿದಂತೆ ತೋರುತ್ತವೆ. ಹಸಿಯ ಎಲೆಯಂತಹ ಸಚಿತ್ತ ವಸ್ತುವಿನ ಮೇಲೆ ಆಹಾರವನ್ನಿರಿಸುವುದು, ಸಚಿತ್ತದಿಂದ ಮುಚ್ಚಿಡುವುದು ಮೊದಲಿನ ಎರಡು. ಹಾಗಿರಿಸಿದ ಆಹಾರವು ಎಷ್ಟೇ ರುಚಿಯಾಗಿದ್ದರೂ ಮುನಿಯು ಅದನ್ನು ಮುಟ್ಟುವಂತಿಲ್ಲ. ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು. ಮೂರನೆಯದು ಪರವ್ಯಪದೇಶ, ಈ ವಸ್ತು ತನ್ನದಲ್ಲ, ಬೇರೆಯವರದು ಎಂದು ನೆಪ ಹೇಳುವುದು. ನಾಲ್ಕನೆಯದು ಮಾತ್ಸರ್ಯ: ಆದರವಿಲ್ಲದೆ ಕೊಡುವುದು, ಇನ್ನೊಬ್ಬ ದಾನಿಯ ಮೇಲಿನ ಹೊಟ್ಟೆಕಿಚ್ಚಿನಿಂದ ಕೊಡುವುದು. ಕೊನೆಯದು ಕಾಲಾತಿಕ್ರಮ, ಹೊತ್ತು ಮೀರಿಸಿ ಕೊಡುವುದು.

ನೆರೆಹೊರೆಯ ವ್ಯವಹಾರದಲ್ಲಿ ಈ ಐದೂ ದಿನನಿತ್ಯ ನಡೆಯುತ್ತವೆ. ಬಾವಿಯ ಹಗ್ಗವನ್ನೋ ಏಣಿಯನ್ನೋ ಕೇಳಿ ಬಂದವನಿಗೆ ಅದು ಅಣ್ಣನದು, ಅವನಿಲ್ಲದಾಗ ಕೊಡಲಾಗದು ಎನ್ನುವುದು ಪರವ್ಯಪದೇಶವಲ್ಲದೆ ಮತ್ತೇನು? ಜ್ವರದಿಂದ ಮಲಗಿದವನನ್ನು ನಾಲ್ಕನೆಯ ದಿನ ಹಣ್ಣಿನ ಬುಟ್ಟಿಯೊಡನೆ ನೋಡಲು ಹೋಗುವುದು ಕಾಲಾತಿಕ್ರಮ. ಮೊದಲ ರಾತ್ರಿ ಅವನಿಗೆ ಬೇಕಾಗಿದ್ದುದು ಆಸ್ಪತ್ರೆಗೆ ಒಯ್ಯುವ ಒಂದು ವಾಹನ. ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು ಮೊದಲಿನ ಎರಡು. ಬಡತನಕ್ಕೆ ಬಿದ್ದ ಕುಟುಂಬಕ್ಕೆ ನಾಲ್ಕು ಜನರ ಮುಂದೆ ಹೆಸರು ಕೂಗಿ ಕರೆದು ಸೀರೆ ಕೊಟ್ಟರೆ ಆ ತಾಯಿ ಅದನ್ನು ಸ್ವೀಕರಿಸುವುದು ಹೇಗೆ? ನಾಚಿಕೆಯಿಂದ ಮುಚ್ಚಿದ ದಾನವನ್ನು ಪಡೆಯುವುದು ಮಾನವಂತರಿಗೆ ಸಾಧ್ಯವಿಲ್ಲ. ಸೂತ್ರಕಾರರ ದೃಷ್ಟಿಯಲ್ಲಿ ದೋಷವಿರುವುದು ಪಡೆಯದವನಲ್ಲಿ ಅಲ್ಲ, ಪಡೆಯಲಾಗದಂತೆ ಇಟ್ಟವನಲ್ಲಿ.

ಇಂತಹ ಅರಿವನ್ನು ಪುಸ್ತಕದಿಂದ ಪಡೆಯುವುದು ಕಷ್ಟ. ಶ್ರೇಯಾಂಸನಂತೆ ಜಾತಿಸ್ಮರಣೆ ಎಲ್ಲರಿಗೂ ಆಗುವಂತಹುದೂ ಅಲ್ಲ. ಆದರೆ ಉಪವಾಸವು ಪ್ರತಿಯೊಬ್ಬ ಶ್ರಾವಕನಿಗೂ ಅದರ ಒಂದಂಶವನ್ನು ಕೊಡುತ್ತದೆ. ಹಿಂದಿನ ದಿನ ಏಕಭುಕ್ತ, ಪರ್ವದ ದಿನ ನೀರನ್ನೂ ಮುಟ್ಟದ ಉಪವಾಸ, ಮರುದಿನ ಮತ್ತೆ ಏಕಭುಕ್ತ ಎಂಬ ಕ್ರಮದಲ್ಲಿ ನಡೆದವರು ಚತುರ್ದಶಿಯ ಮಧ್ಯಾಹ್ನ ಮೂರು ಗಂಟೆಯ ಹೊತ್ತನ್ನು ಬಲ್ಲರು. ತುಟಿ ಒಣಗುತ್ತದೆ, ಪಕ್ಕದ ಮನೆಯ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ವ್ರತಿಗೆ ಇದು ನಾಳೆ ಬೆಳಿಗ್ಗೆ ಮುಗಿಯುವುದೆಂಬ ಭರವಸೆಯಿದೆ. ಆ ಭರವಸೆಯಿಲ್ಲದೆ ಇದೇ ಮೂರು ಗಂಟೆಯನ್ನು ಕಳೆಯುವವನೊಬ್ಬ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿರುತ್ತಾನೆ. ಅವನ ಮುಖವನ್ನು ನೋಡಿದೊಡನೆ ಗುರುತಿಸುವ ಕಣ್ಣು ಉಪವಾಸಿಗೆ ಬಾರದಿದ್ದರೆ, ಆ ಹಸಿವಿನಿಂದ ದೊರೆತುದು ಬಹುಶಃ ಹೆಸರು ಮಾತ್ರ.

ಮನೆಯ ಒಳಗಿನ ಮಾತನ್ನೂ ಇಲ್ಲಿ ಹೇಳಬೇಕಾಗಿದೆ. ಹತ್ತು ದಿನ ನಿರಾಹಾರವಿದ್ದ ಅತ್ತೆಯವರ ಪಾರಣೆಗೆ ಬಂಧುಗಳೆಲ್ಲ ಬಂದು ಹಾರ ಹಾಕುತ್ತಾರೆ. ತಾನೂ ಉಪವಾಸವಿದ್ದುಕೊಂಡೇ ಆ ಹತ್ತು ದಿನವೂ ನೀರು ಸೋಸಿ, ಮನೆಮಂದಿಗೆಲ್ಲ ಅಡುಗೆ ಮಾಡಿದ ಸೊಸೆಯು ಒಳಗೆ ಪಾತ್ರೆ ತೊಳೆಯುತ್ತಿರುತ್ತಾಳೆ. ನೆರೆಯಾಕೆ ಒಬ್ಬಳು ಬಂದು, ಇಂದು ಮಕ್ಕಳನ್ನು ಶಾಲೆಗೆ ನಾನು ಬಿಟ್ಟು ಬರುತ್ತೇನೆ, ನೀವು ಒಂದು ಗಳಿಗೆ ಮಲಗಿರಿ ಅಕ್ಕಾ ಎಂದರೆ ಅದು ಯಾವ ಪ್ರಭಾವನೆಗೂ ಕಡಿಮೆಯಾದುದಲ್ಲ.

ಪಾತ್ರಾಪಾತ್ರ ವಿಚಾರವನ್ನು ಮುಂದಿಟ್ಟು ಕೆಲವರು ಆಕ್ಷೇಪವೆತ್ತುವುದುಂಟು. ಮುನಿಗಳು ಉತ್ತಮ ಪಾತ್ರರು, ವ್ರತಿಕರು ಮಧ್ಯಮರು, ಸಮ್ಯಗ್ದೃಷ್ಟಿಯುಳ್ಳ ಅವ್ರತಿಗಳು ಜಘನ್ಯರು. ದಾರಿಹೋಕನು ಇವರಲ್ಲಿ ಯಾರೂ ಅಲ್ಲವಲ್ಲ ಎನ್ನುತ್ತಾರೆ. ಪಾತ್ರದಾನದ ಫಲವನ್ನು ಹೇಳುವ ಪ್ರಕರಣದಲ್ಲಿ ಈ ವಿಭಾಗವು ಸರಿಯಾದುದೇ. ಆದರೆ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಪಾತ್ರದತ್ತಿಯೊಂದನ್ನೇ ಹೇಳಿ ನಿಲ್ಲಿಸಲಿಲ್ಲ. ದಯಾದತ್ತಿಯನ್ನು, ಎಂದರೆ ದುಃಖಿಗಳಾದ ಜೀವಿಗಳ ಭಯವನ್ನು ಕರುಣೆಯಿಂದ ನೀಗಿಸುವುದನ್ನು, ಅದರ ಪಕ್ಕದಲ್ಲಿಯೇ ಇರಿಸಿದರು. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶದಲ್ಲಿರುವವರಲ್ಲಿ ಕಾರುಣ್ಯ ಎಂದು ಸೂತ್ರಕಾರರು ಹೇಳುವಾಗ ಕ್ಲೇಶದಲ್ಲಿರುವವನ ಕುಲವನ್ನಾಗಲಿ ಮತವನ್ನಾಗಲಿ ಕೇಳುವುದಿಲ್ಲ. ಜೈನ ಮನೆತನದ ಹೆಗ್ಗಡೆಯವರ ಆಡಳಿತದಲ್ಲಿರುವ ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ನಾಲ್ಕು ದಾನಗಳು ನಡೆಯುತ್ತಿರುವುದನ್ನು ನಾಡೇ ಬಲ್ಲದು. ಅಲ್ಲಿನ ಊಟದ ಪಂಕ್ತಿಯಲ್ಲಿ ಕುಳಿತವನನ್ನು ನೀನು ಯಾವ ಮತದವನೆಂದು ಕೇಳುವ ಪದ್ಧತಿಯಿಲ್ಲ. ಪಾತ್ರನಲ್ಲ ಎಂಬ ಮಾತು ಎಷ್ಟೋ ಸಲ ಶಾಸ್ತ್ರದಿಂದ ಹೊರಟುದಲ್ಲ, ಜಿಪುಣತನದಿಂದ ಹೊರಟುದು.

ಆವಾಸದಾನಕ್ಕೆ ಸಮಂತಭದ್ರಾಚಾರ್ಯರು ಕೊಡುವ ದೃಷ್ಟಾಂತವಂತೂ ಬೆರಗುಗೊಳಿಸುವಂತಹುದು. ಅದು ಅರಸನದಲ್ಲ, ಶ್ರೇಷ್ಠಿಯದಲ್ಲ, ಒಂದು ಕಾಡುಹಂದಿಯದು. ಪ್ರಭಾಚಂದ್ರರ ಟೀಕೆಯಲ್ಲಿ ಅದರ ಕತೆ ಹೀಗಿದೆ. ಮಾಳವದೇಶದ ಘಟಗ್ರಾಮದಲ್ಲಿ ದೇವಿಲನೆಂಬ ಕುಂಬಾರನೂ ಧಮಿಲ್ಲನೆಂಬ ಕ್ಷೌರಿಕನೂ ಕೂಡಿ ದಾರಿಹೋಕರು ತಂಗಲೆಂದು ಒಂದು ಗುಡಿಯನ್ನು ಕಟ್ಟಿಸಿದರು. ಒಂದು ದಿನ ದೇವಿಲನು ಮುನಿಯೊಬ್ಬರಿಗೆ ಅಲ್ಲಿ ಸ್ಥಳ ಕೊಟ್ಟನು. ಧಮಿಲ್ಲನು ಆಮೇಲೆ ಪರಿವ್ರಾಜಕನೊಬ್ಬನನ್ನು ಕರೆತಂದು, ಇಬ್ಬರೂ ಸೇರಿ ಮುನಿಯನ್ನು ಹೊರಗೆ ಹಾಕಿದರು. ಆ ರಾತ್ರಿಯೆಲ್ಲ ಮುನಿಯು ಮರದ ಬುಡದಲ್ಲಿ ಸೊಳ್ಳೆಯನ್ನೂ ಚಳಿಯನ್ನೂ ಸಹಿಸಿಕೊಂಡಿದ್ದರು. ಬೆಳಗಾದ ಮೇಲೆ ಇದೇ ಕಾರಣಕ್ಕೆ ಗೆಳೆಯರಿಬ್ಬರೂ ಹೊಡೆದಾಡಿ ಸತ್ತರು. ವಿಂಧ್ಯದ ಕಾಡಿನಲ್ಲಿ ದೇವಿಲನು ಹಂದಿಯಾದನು, ಧಮಿಲ್ಲನು ಹುಲಿಯಾದನು. ಆ ಹಂದಿಯಿದ್ದ ಗುಹೆಗೆ ಒಮ್ಮೆ ಇಬ್ಬರು ಮುನಿಗಳು ಬಂದು ತಂಗಿದರು. ಅವರನ್ನು ಕಂಡು ಹಂದಿಗೆ ಹಿಂದಿನ ಜನ್ಮದ ಅರಿವಾಗಿ, ಧರ್ಮವನ್ನು ಕೇಳಿ ವ್ರತವನ್ನು ಹಿಡಿಯಿತು. ಮನುಷ್ಯರ ವಾಸನೆ ಹಿಡಿದು ಹುಲಿಯು ಬಂದಾಗ ಹಂದಿಯು ಗುಹೆಯ ಬಾಗಿಲಿಗೆ ಅಡ್ಡವಾಗಿ ನಿಂತಿತು. ಕಾದಾಡಿ ಎರಡೂ ಸತ್ತುವು. ಮುನಿಗಳನ್ನು ಕಾಯುವ ಭಾವದಿಂದ ಸತ್ತ ಹಂದಿಯು ಸೌಧರ್ಮಸ್ವರ್ಗದಲ್ಲಿ ದೇವನಾಯಿತು, ಹುಲಿಯು ನರಕಕ್ಕೆ ಇಳಿಯಿತು. ಗುಡಿ ಕಟ್ಟಿಸಿದ ಪುಣ್ಯದಲ್ಲಿ ಇಬ್ಬರಿಗೂ ಪಾಲಿತ್ತೆಂಬುದನ್ನು ಮರೆಯಬಾರದು. ಇಬ್ಬರನ್ನೂ ಬೇರ್ಪಡಿಸಿದ್ದು ಒಂದು ರಾತ್ರಿ, ಒಬ್ಬ ಅಪರಿಚಿತನಿಗೆ ಜಾಗ ಕೊಡುವ ಪ್ರಶ್ನೆ.

ಸೂರ್ಯಾಸ್ತವಾದ ಮೇಲೆ ಅಪರಿಚಿತನೊಬ್ಬ ಬಾಗಿಲಿಗೆ ಬಂದರೆ ರಾತ್ರಿಭೋಜನವನ್ನು ತ್ಯಜಿಸಿದ ಮನೆಯವರು ಸಂಕಟಕ್ಕೆ ಸಿಕ್ಕುತ್ತಾರೆ. ಒಲೆ ಆರಿದೆ, ನಿಯಮವಿದೆ. ಇಲ್ಲವೆಂದು ಕದವಿಕ್ಕಿಕೊಳ್ಳಲು ಈ ನಿಯಮವನ್ನೇ ನೆಪವಾಗಿ ಬಳಸುವವರೂ ಇಲ್ಲದಿಲ್ಲ. ಆವಾಸದಾನಕ್ಕೆ ಹೊತ್ತಿನ ಕಟ್ಟಿಲ್ಲ. ಜಗುಲಿಯಲ್ಲಿ ಒಂದು ಚಾಪೆ, ಒಂದು ಕಂಬಳಿ, ಕೈಕಾಲು ತೊಳೆಯಲು ನೀರು ಯಾವ ಮನೆಯಲ್ಲಿಯೂ ಇರುತ್ತವೆ. ಈ ಹೊತ್ತಿನಲ್ಲಿ ನಮ್ಮಲ್ಲಿ ಅಡುಗೆಯಿಲ್ಲ, ಬೆಳಿಗ್ಗೆ ಉಂಡು ಹೋಗಬೇಕು ಎಂದು ಕಾರಣವನ್ನು ತಿಳಿಸಿ ಮೃದುವಾಗಿ ಹೇಳಿದರೆ ಯಾರೂ ನೊಂದುಕೊಳ್ಳುವುದಿಲ್ಲ. ಬಂದವನು ರೋಗಿಯಾಗಿದ್ದರೆ ವೈದ್ಯರ ಮನೆಯವರೆಗೆ ಜೊತೆಗೆ ಹೋಗಬೇಕು. ಮರುದಿನ ಸೂರ್ಯೋದಯವಾಗಿ ಎರಡು ಗಳಿಗೆ, ಎಂದರೆ 48 ನಿಮಿಷ, ಕಳೆದ ಬಳಿಕ ಒಲೆ ಹಚ್ಚಿ ಮೊದಲು ಅವನಿಗೆ ಎಲೆ ಹಾಕಬೇಕು. ವ್ರತಿಯ ಪಾರಣೆ ಅವನು ಎದ್ದು ಕೈತೊಳೆದ ಮೇಲೆ.