ಬಡಿತವೊಂದೇ ಸಾಕೇ?



ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. ವಯಸ್ಸು 31. 17 ವಾರದ ಗರ್ಭ ಉಳಿಯದೆಂದು ಖಚಿತವಾಗಿತ್ತು. ಆಕೆ ಕೇಳಿಕೊಂಡರೂ, ಭ್ರೂಣದ ಹೃದಯ ಬಡಿಯುತ್ತಿದೆಯೆಂದು ಗರ್ಭಪಾತ ಮಾಡಲಿಲ್ಲ, ನಂಜು ರಕ್ತಕ್ಕೇರಿತು. 1983ರಿಂದ ಅಲ್ಲಿನ ಸಂವಿಧಾನ ತಾಯಿಗೂ ಭ್ರೂಣಕ್ಕೂ ಸಮಾನವಾದ ಜೀವದ ಹಕ್ಕು ಕೊಟ್ಟಿತ್ತು.

ಮಿದುಳು ಸತ್ತವರ ಹೃದಯ ಬಡಿಯುತ್ತಿದ್ದರೂ ನಾವು ವೈದ್ಯರು ಅದನ್ನು ಮರಣವೆಂದೇ ಬರೆಯುತ್ತೇವೆ. ಹಾಗಿದ್ದಮೇಲೆ ಬಡಿತವೊಂದೇ ವ್ಯಕ್ತಿಯ ಗುರುತಾಗುವುದೆಂತು? ‘ಭ್ರೂಣಕ್ಕೆ ನಾಳೆ ಎಂಬುದಿದೆಯಲ್ಲ, ಡಾಕ್ಟರೇ?’ ಎನ್ನುವಿರಿ. ನಿಜ. ಆದ್ದರಿಂದಲೇ ಭ್ರೂಣ ತೃಣವಲ್ಲ. ಹೆಣ್ಣೆಂದು ತಿಳಿದು ತೆಗೆಸುವುದನ್ನು ನಾನೆಂದೂ ಒಪ್ಪೆ. ಆದರೆ ಸವಿತಾರ ಗರ್ಭಕ್ಕೆ ಆ ನಾಳೆಯೇ ಇರಲಿಲ್ಲ, ತಾಯಿಗೆ ಇತ್ತು. ಇಲ್ಲದ ನಾಳೆಗಾಗಿ ಇದ್ದ ನಾಳೆಯನ್ನು ಬಲಿಕೊಟ್ಟದ್ದು ಧರ್ಮವೇ?

2018ರ ಮೇ 25ರಂದು ಐರ್ಲೆಂಡಿನ ಶೇ. 66ರಷ್ಟು ಮತದಾರರು ಆ ವಿಧಿಯನ್ನು ತೆಗೆದುಹಾಕಿದರು. ಬೆಳಗಾವಿಯಿಂದ ಆಕೆಯ ತಂದೆಯೂ ಹಾಗೆಂದೇ ಕೇಳಿಕೊಂಡಿದ್ದರು.

ನಾವಿರುವ ಈ ನಾಡಿನ ಕಾನೂನೂ ತಾಯಿಯ ಪ್ರಾಣಾಪಾಯದಲ್ಲಿ ಗರ್ಭಪಾತಕ್ಕೆ ಒಪ್ಪುತ್ತದೆ. ನಮ್ಮ ಹೆಣ್ಣುಮಕ್ಕಳು ಎಲ್ಲೆಲ್ಲೋ ಸಂಸಾರ ಹೂಡುತ್ತಾರೆ. ಸೀಮಂತದ ಸೀರೆ ಆರಿಸುವ ಮೊದಲು, ಆ ದೇಶದ ಕಾನೂನು ಏನೆನ್ನುತ್ತದೆಂದು ಅಲ್ಲಿನ ಡಾಕ್ಟರನ್ನು ಒಂದು ಮಾತು ಕೇಳಿಡಿ.

— ನಿಮ್ಮ ಬನಿಯಾಸ್ ಡಾಕ್ಟರು