ಎಷ್ಟು ಬಿದ್ದರೆ ಮನೆ ಬಿದ್ದಂತೆ?

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು. ನೆರೆ ಇಳಿದ ಮೇಲೆ ಪಂಚನಾಮೆ. 2019ರ ನೆರೆಯಲ್ಲಿ ರಾಜ್ಯ ಹಾಕಿಕೊಂಡ ಲೆಕ್ಕ ಹೀಗಿತ್ತು: ಹಾನಿ ಶೇಕಡ 75 ದಾಟಿದರೆ ‘ಎ’, 25ರಿಂದ 75 ಇದ್ದರೆ ‘ಬಿ’, 15ರಿಂದ 25 ಇದ್ದರೆ ‘ಸಿ’. ‘ಎ’ಗೆ 5 ಲಕ್ಷ ರೂಪಾಯಿ, ‘ಸಿ’ಗೆ 50 ಸಾವಿರ. ಒಂದು ಕುಟುಂಬದ ಮುಂದಿನ ಬದುಕನ್ನೇ ತೀರ್ಮಾನಿಸುವ ಈ ಅಕ್ಷರ ನಿಜಕ್ಕೂ ಅಳೆಯುವುದು ಏನನ್ನು?

ವರ್ಗೀಕರಣವೇ ಬೇಡ ಎನ್ನುವುದು ಸಲ್ಲದು. ನಿಯಮವಿಲ್ಲದ ಕಡೆ ಪರಿಹಾರ ದೊಡ್ಡ ದನಿಯವರ ಪಾಲಾಗುತ್ತದೆ. ಗೌಡರ ವಾಡೆಗೂ ಕೂಲಿಯವರ ಮನೆಗೂ ಅಳತೆಗೋಲು ಒಂದೇ ಇರಬೇಕು. ಆದರೆ ಆ ಕೋಲು ಅಳೆಯಬೇಕಾದದ್ದನ್ನೇ ಅಳೆಯಬೇಕು.

ಈ ಸೀಮೆಯ ಹಳೆಯ ಮನೆ ನೋಡಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತಿ, ಮಣ್ಣು ಹಾಸಿದ ಮಾಳಿಗೆ. ನೀರು ನಿಂತರೆ ಗೋಡೆಯ ಬುಡದ ಮಣ್ಣು ಮೆತ್ತಗಾಗಿ ಕಲ್ಲುಗಳ ಹಿಡಿತ ಸಡಿಲುತ್ತದೆ. ಗೋಡೆ ಮಾತ್ರ ನಿಂತೇ ಇರುತ್ತದೆ. ಪಂಚನಾಮೆಯವರಿಗೆ ಕಾಣುವುದು ಉದುರಿದ ಗಿಲಾವು, ಮೂಲೆಯಲ್ಲೊಂದು ಬಿರುಕು. ಶೇಕಡ 20 ಎಂದು ಬರೆದು ಹೋಗುತ್ತಾರೆ. ತಳದ ಎರೆಮಣ್ಣು ಒಣಗಿ ಕುಗ್ಗತೊಡಗಿದಾಗ ಅದೇ ಗೋಡೆ ಮಾಳಿಗೆಯ ಭಾರ ತಾಳದೆ ಕುಸಿಯಬಹುದು. ಹಿತ್ತಲ ಗೋಡೆಯ ಶೇಕಡ 20ಕ್ಕೂ ತೊಲೆ ಹೊತ್ತ ಮೂಲೆಯ ಶೇಕಡ 20ಕ್ಕೂ ಹೋಲಿಕೆಯೇ ಇಲ್ಲ.

ವಿಪತ್ತು ಪರಿಹಾರ ನಿಧಿಯ 2022ರ ಮಾನದಂಡದಲ್ಲಿ ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಕಚ್ಚಾ ಮನೆಯ ಸಾಮಗ್ರಿ ಅಗ್ಗ, ನಿಜ. ಆದರೆ ಅಷ್ಟೇ ಹಾನಿಯಿಂದ ಬೇಗ ಬೀಳುವುದೂ ಅದೇ. ಇಲ್ಲಿ ಬೆಲೆ ಕಟ್ಟಿದ್ದು ಇಟ್ಟಿಗೆ ಸಿಮೆಂಟಿಗೆ, ಆಸರೆಗಲ್ಲ.

ಆಳಂದದ ಉತ್ತರಕ್ಕೆ, ಗಡಿಯಾಚೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪಕ್ಕೆ ಸಾವಿರಾರು ಜನ ಸತ್ತರು. ಹೆಚ್ಚಿನವರನ್ನು ಬಲಿ ಪಡೆದದ್ದು ಇಂಥವೇ ಗೋಡೆ, ಇಂಥವೇ ಭಾರದ ಮಾಳಿಗೆ. ಹಾಗಾಗಿ ಕಟ್ಟಡದ ಜಾಯಮಾನ ತಿಳಿಯದೆ ಹಾನಿ ತಿಳಿಯದು. 1998ರ ಯುರೋಪಿನ ಭೂಕಂಪ ಮಾಪಕ ಕಟ್ಟಡದ ದುರ್ಬಲತೆಯನ್ನು ಆರು ವರ್ಗಗಳಲ್ಲಿ ಗುರುತಿಸುತ್ತದೆ. ಹಾನಿಗೆ ಐದು ದರ್ಜೆ ಬೇರೆ ಇಡುತ್ತದೆ. ಭಾರ ಹೊರುವ ಭಾಗಕ್ಕೆ ಬಿದ್ದ ಪೆಟ್ಟು, ಉಳಿದ ಭಾಗದ ಪೆಟ್ಟು ಅಲ್ಲಿ ಒಂದೇ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಪಂಚನಾಮೆಯ ಮೊದಲ ಪ್ರಶ್ನೆ ‘ಎಷ್ಟು ಬಿದ್ದಿದೆ’ ಎಂಬುದಲ್ಲ, ‘ಈ ಮನೆಯಲ್ಲಿ ಮಕ್ಕಳನ್ನು ಮಲಗಿಸಬಹುದೇ’ ಎಂಬುದಾಗಬೇಕು. ಗೋಡೆ ಒಣಗಿದ ಮೇಲೆ ಎರಡನೇ ತಪಾಸಣೆ ಆಗಬೇಕು. ಅಲ್ಲಿಯವರೆಗೆ ಕೊಟ್ಟ ಅಕ್ಷರ ತಾತ್ಕಾಲಿಕವಾಗಿರಬೇಕು. ಸುಳ್ಳು ಅರ್ಜಿ ಹೆಚ್ಚುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಆದರೆ ಎರಡು ತಪ್ಪುಗಳು ಒಂದೇ ತೂಕದವಲ್ಲ. ಅನರ್ಹರಿಗೆ ಹೋದ ಹಣವನ್ನು ವಸೂಲಿ ಮಾಡಬಹುದು. ‘ಸಿ’ ಎಂದು ಬರೆಸಿಕೊಂಡ ಗೋಡೆ ಮಲಗಿದವರ ಮೇಲೆ ಬಿದ್ದರೆ ಆ ತಪ್ಪನ್ನು ಯಾವ ಕಚೇರಿಯೂ ತಿದ್ದಲಾರದು. ಯಾವ ತಪ್ಪಿನ ಅಪಾಯ ಹೊರಲು ಸಿದ್ಧ ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ವರ್ಗಗಳ ಗೆರೆ ಎಳೆಯಬೇಕು.